ಹಳೆಯ ಮೋಟಾರು ಮತ್ತು ಇಚ್ಛಾಪರಿಮಾಣ



ಶ್ರಾವಕನ ಐದು ಅಣುವ್ರತಗಳಲ್ಲಿ ಕಡೆಯದು ಪರಿಗ್ರಹಪರಿಮಾಣ. ಮುನಿಗಳಿಗೆ ವಿಧಿಸಿರುವಂತೆ ಸರ್ವವನ್ನೂ ತ್ಯಜಿಸಬೇಕೆಂದು ಶಾಸ್ತ್ರವು ಗೃಹಸ್ಥನಿಗೆ ಹೇಳಲಿಲ್ಲ. ಹೆಂಡತಿ ಮಕ್ಕಳು, ಗದ್ದೆ ತೋಟ, ದವಸ ಧಾನ್ಯಗಳ ನಡುವೆ ಬಾಳುವವನು ತನಗೆ ಇಷ್ಟು ಸಾಕೆಂಬ ಗೆರೆಯನ್ನು ತಾನೇ ಎಳೆದುಕೊಳ್ಳಲಿ, ಎಳೆದ ಗೆರೆಯನ್ನು ದಾಟದಿರಲಿ ಎಂಬಷ್ಟೇ ಅದರ ಅಪೇಕ್ಷೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ.

ಈ ಎರಡನೆಯ ಹೆಸರನ್ನು ನಾವು ಬೇಗನೆ ಮರೆಯುತ್ತೇವೆ. ವ್ರತ ಸ್ವೀಕರಿಸುವ ದಿನ ಕಾಗದದ ಮೇಲೆ ಮನೆ ಒಂದು, ತೋಟ ಇಷ್ಟು ಎಕರೆ, ಬಂಗಾರ ಇಷ್ಟು ಪವನು, ವಾಹನ ಒಂದು ಎಂದು ಬರೆಯುತ್ತೇವೆ. ಬಾಹ್ಯ ಪರಿಗ್ರಹದ ಹತ್ತು ಭೇದಗಳಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯಗಳೊಡನೆ ಯಾನವನ್ನೂ ಹೇಳಿರುವುದರಿಂದ ವಾಹನವನ್ನು ಲೆಕ್ಕಕ್ಕೆ ಹಿಡಿಯುವುದು ಯುಕ್ತವೇ. ಆದರೆ ಲೆಕ್ಕ ಸರಿಹೋದರೆ ವ್ರತವೂ ಸರಿಹೋಯಿತೆಂದು ತಿಳಿಯುವುದು ಯುಕ್ತವಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ಹೊಲದ ಹೆಸರನ್ನಾಗಲಿ, ಹೊನ್ನಿನ ಹೆಸರನ್ನಾಗಲಿ ಎತ್ತದೆ, ವಸ್ತುವಿಗೆ ಮನಸ್ಸು ಮೈಮರೆತು ಅಂಟಿಕೊಳ್ಳುವ ಮೂರ್ಛೆಯನ್ನೇ ಮುಂದಿಟ್ಟರು. ವಸ್ತುವನ್ನು ಎಣಿಸಬಹುದು, ಮೂರ್ಛೆಯನ್ನು ಎಣಿಸುವುದು ಹೇಗೆ?

ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯವನ್ನು ಕುರಿತು ಮಾತನಾಡುವಾಗ ಸಾಮಾನ್ಯವಾಗಿ ಅರಮನೆ, ಸಿಂಹಾಸನಗಳನ್ನು ಬಿಟ್ಟು ಹೋದವರ ದೃಷ್ಟಾಂತಗಳನ್ನು ಕೊಡುವುದು ವಾಡಿಕೆ. ಅವು ಮಹಾಪುರುಷರ ಕಥೆಗಳು. ನಾನು ಇಲ್ಲಿ ಎತ್ತಿಕೊಂಡಿರುವುದು ತೀರ ಸಣ್ಣ ವಸ್ತು: ಇಪ್ಪತ್ತಾರು ವರ್ಷ ನನ್ನ ಮನೆಯ ಷೆಡ್ಡಿನಲ್ಲಿದ್ದು, ೨೦೨೨ರಲ್ಲಿ ಬೇರೆಯವರ ಕೈಸೇರಿದ ಒಂದು ಹಳೆಯ ತೆರೆದ ಮೋಟಾರು ಕಾರು. ದೊಡ್ಡ ಸಂಪತ್ತಿನ ಮೇಲೆ ಎಲ್ಲರ ಕಣ್ಣೂ ಇರುತ್ತದೆ; ಅದರ ಮೋಹ ನಮಗೂ ಗೊತ್ತು, ನೆರೆಯವರಿಗೂ ಗೊತ್ತು. ಬೆಲೆ ಕಡಿಮೆಯಾಗಿ ನೆನಪು ಹೆಚ್ಚಾಗಿರುವ ವಸ್ತುವಿನಲ್ಲಿಯೇ ಮೂರ್ಛೆಯು ಯಾರಿಗೂ ಕಾಣದಂತೆ ಮನೆಮಾಡಿಕೊಂಡಿರುತ್ತದೆ.

ಗಾಡಿಯ ಪೂರ್ವೋತ್ತರ

ಅದು ಮಾರಿಸ್ ಮೈನರ್ ಎಂಬ ಇಂಗ್ಲೆಂಡಿನ ಗಾಡಿ. ಆಲೆಕ್ ಇಸಿಗೋನಿಸ್ ಎಂಬ ಯಂತ್ರಶಿಲ್ಪಿ ರೂಪಿಸಿದ ಈ ಕಾರನ್ನು ೧೯೪೮ರ ಅಕ್ಟೋಬರಿನಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಮೊದಲು ಜನರ ಮುಂದಿಟ್ಟರು. ಮಾದರಿ ಗಾಡಿಯು ಸಿದ್ಧವಾದ ಮೇಲೆ ಅದು ತೀರ ಕಿರಿದಾಗಿದೆಯೆಂದು ಶಿಲ್ಪಿಗೆ ಅನ್ನಿಸಿತು. ಅದನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ನಡುವೆ ನಾಲ್ಕು ಅಂಗುಲ ಅಗಲ ಕೂಡಿಸಿದರು. ಸಾಧಾರಣ ಸಂಸಾರಿಗಳಿಗೆಂದು ಮಾಡಿದ ಗಾಡಿ ಅದು. ೧೯೭೧ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ೧೬ ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದಿದ್ದವು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು ಇದೇ ಗಾಡಿಯ ಮೊದಲ ಬಗೆಯನ್ನು ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಹೊರತಂದಿದ್ದರೆಂಬುದು ಹಿರಿಯರಿಗೆ ನೆನಪಿದ್ದೀತು.

ನಮ್ಮಲ್ಲಿದ್ದುದು ೧೯೫೩ರ ಗಾಡಿ, ೮೦೩ ಸಿ.ಸಿ.ಯ ಪುಟ್ಟ ಎಂಜಿನ್ನು, ನಡುವೆ ಸೀಳಿರುವ ಮುಂಗಾಜು, ಬಾಗಿಲ ಹಿಂದಿನಿಂದ ಪುಟ್ಟ ಕೈಯಂತೆ ಹೊರಚಾಚಿ ತಿರುವನ್ನು ತೋರಿಸುವ ಕಡ್ಡಿ. ಮಾಡು ತಗಡಿನದಲ್ಲ, ಕಬ್ಬಿಣದ ಕಮಾನುಗಳ ಮೇಲೆ ಎಳೆದ ಕ್ಯಾನ್ವಾಸು. ಬೇಕೆಂದಾಗ ಅದನ್ನು ಹಿಂದಕ್ಕೆ ಮಡಚಿ ಆಕಾಶವನ್ನೇ ಮಾಡನ್ನಾಗಿ ಮಾಡಿಕೊಳ್ಳಬಹುದಾಗಿತ್ತು. ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರಲ್ಲಿದ್ದ ಇಂಗ್ಲಿಷ್ ಮೇನೇಜರೊಬ್ಬರು ಸ್ವದೇಶಕ್ಕೆ ಹೊರಟಾಗ, ೧೯೬೧ರಲ್ಲಿ, ನನ್ನ ಸೋದರಮಾವನವರು ಅದನ್ನು ಕೊಂಡುಕೊಂಡರು. ಕಾರ್ಕಳದ ಬೆಟ್ಟಕ್ಕೂ ಮೂಡುಬಿದಿರೆಯ ಬಸದಿಗಳಿಗೂ ನಾವು ಮಕ್ಕಳು ಹಿಂದಿನ ಸೀಟಿನಲ್ಲಿ ಒತ್ತಿ ಕುಳಿತು ಹೋದುದು ಅದರಲ್ಲಿಯೇ. ೧೯೯೬ರಲ್ಲಿ ಮಾವನವರು ತೀರಿಕೊಂಡ ಮೇಲೆ ಮನೆತನದ ಕ್ರಮದಂತೆ ಅದು ನನ್ನ ಪಾಲಿಗೆ ಬಂತು.

ವಸ್ತುವು ಹಣದಿಂದ ಬಂದರೆ ಅದಕ್ಕೆ ಒಂದೇ ಹಗ್ಗ. ಹಿರಿಯರಿಂದ ಬಂದರೆ ಹಲವು ಹಗ್ಗ. ಇದನ್ನು ಮೊದಲು ಗಮನಿಸಬೇಕು. ಮಾವನವರ ಬೆರಳು ಸವೆಸಿದ ಸ್ಟಿಯರಿಂಗ್ ಚಕ್ರ, ಅತ್ತೆಯವರ ಕುಂಕುಮದ ಭರಣಿ ಉರುಳಿ ಚರ್ಮದ ಸೀಟಿನ ಮೇಲೆ ಉಳಿದ ಕೆಂಪು ಕಲೆ, ಇವುಗಳ ಮೇಲಿನ ಪ್ರೀತಿಯನ್ನು ಹಿರಿಯರ ಮೇಲಿನ ಭಕ್ತಿಯೆಂದು ಕರೆಯುವುದು ಸುಲಭ. ಭಕ್ತಿಯೋ ಮೂರ್ಛೆಯೋ ಎಂಬುದು ವಸ್ತು ಕೈಬಿಡುವ ಹೊತ್ತಿಗೆ ತಾನಾಗಿ ತಿಳಿಯುತ್ತದೆ.

ಇದ್ದಂತೆಯೇ ಇಡುವುದು

ಹಳೆಯ ಗಾಡಿಗಳ ವಿಷಯದಲ್ಲಿ ಎರಡು ಮಾರ್ಗಗಳಿವೆ. ಒಂದು, ಗಾಡಿಯನ್ನು ಪೂರ್ತಿ ಬಿಚ್ಚಿ, ತುಕ್ಕು ಹಿಡಿದುದನ್ನು ಕತ್ತರಿಸಿ ತೆಗೆದು, ಹೊಸ ತಗಡು ಬೆಸೆದು, ಹೊಸ ಬಣ್ಣ, ಹೊಸ ಚರ್ಮ, ಹೊಸ ಕ್ರೋಮಿಯಂ ಹಾಕಿಸಿ, ಕಾರ್ಖಾನೆಯಿಂದ ಇಂದು ಹೊರಬಂದಂತೆ ಮಾಡುವುದು. ಎರಡನೆಯದು, ಓಡಲು ಬೇಕಾದಷ್ಟು ದುರಸ್ತಿ ಮಾತ್ರ ಮಾಡಿ, ಉಳಿದುದನ್ನು ಕಾಲವು ಮಾಡಿದಂತೆಯೇ ಬಿಡುವುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ೧೯೬೬ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅದು ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ೧೯೬೪ರಲ್ಲಿ ಮಾಡಿದ ವೆನಿಸ್ ಸನ್ನದಿನ ಜಾಡಿನಲ್ಲಿಯೇ ನಡೆದು, ಹೊಸದಾಗಿಸುವುದಕ್ಕಿಂತ ಇರುವುದನ್ನು ಕಾಯುವುದೇ ಮೇಲೆಂಬ ಭಾವವನ್ನು ಎತ್ತಿಹಿಡಿಯಿತು. ಸಾವಿರ ಕಂಬದ ಬಸದಿಯ ಶಿಲಾಸ್ತಂಭಕ್ಕೆ ಎಣ್ಣೆಬಣ್ಣ ಬಳಿದರೆ ನಾವು ಮೆಚ್ಚುತ್ತೇವೆಯೆ? ಆ ನ್ಯಾಯವೇ ಇಲ್ಲಿಯೂ.

ನಮ್ಮ ದೇಶದ ಕಾನೂನು ಕೂಡ ಇದನ್ನು ಗಮನಿಸಿದೆ. ೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮದಂತೆ, ಐವತ್ತು ವರ್ಷ ಮೀರಿದ, ಚಾಸಿ, ಮೈಕಟ್ಟು, ಎಂಜಿನ್ನುಗಳನ್ನು ಮಾರ್ಪಡಿಸದೆ ಮೂಲರೂಪದಲ್ಲಿಯೇ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ ೫,೦೦೦ ರೂಪಾಯಿ ಎಂದು ಗೊತ್ತುಪಡಿಸಿದರು. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ನಮ್ಮ ಗಾಡಿ ಎರಡನೆಯ ಮಾರ್ಗದ್ದು. ಮೂಲದ ಹಸಿರು ಬಣ್ಣ ಬಾನೆಟ್ಟಿನ ಮೇಲೆ ಬಿಸಿಲಿಗೆ ಸುಣ್ಣದಂತೆ ಬಿಳಿಚಿಕೊಂಡಿತ್ತು. ಸೀಟಿನ ಚರ್ಮ ಬಿರುಕುಬಿಟ್ಟಿತ್ತು. ಇದ್ದಂತೆ ಇರಲಿ ಎಂಬ ಈ ನಿಲುವು ಮೇಲುನೋಟಕ್ಕೆ ವೈರಾಗ್ಯದಂತೆಯೇ ಕಾಣುತ್ತದೆ. ಹೊಸತನ್ನು ಬಯಸದವನು ಸಂತುಷ್ಟನಲ್ಲವೆ? ಇಲ್ಲಿಯೇ ಎಚ್ಚರ ಬೇಕು. ಪುದ್ಗಲವೆಂಬ ಶಬ್ದವನ್ನೇ ನಮ್ಮ ಆಚಾರ್ಯರು ಕೂಡುವುದು, ಕಳಚುವುದು ಎಂಬ ಅರ್ಥದಿಂದ ಬಿಡಿಸುತ್ತಾರೆ. ಕಬ್ಬಿಣವು ಗಾಳಿ ನೀರುಗಳನ್ನು ಕೂಡಿ ತುಕ್ಕಾಗುವುದು, ತುಕ್ಕು ಕಳಚಿ ಮಣ್ಣಾಗುವುದು ಅದರ ಪರ್ಯಾಯಗಳು. ಹೊಸದಾಗಿಸುವವನು ಕಳೆದುಹೋದ ಪರ್ಯಾಯವನ್ನು ಮರಳಿ ತರಲು ಹೊರಟವನು. ಇದ್ದಂತೆ ಇಡಬೇಕೆನ್ನುವವನು ಇಂದಿನ ಪರ್ಯಾಯವನ್ನು ಕಟ್ಟಿಹಾಕಲು ಹೊರಟವನು. ಇಬ್ಬರೂ ಹರಿಯುವ ನೀರಿಗೆ ಗೂಟ ಹೊಡೆಯುವವರೇ. ಹಳೆಯ ಗೀರನ್ನು ಮುದ್ದಿಸುವ ಮನಸ್ಸು ಹೊಸ ಗೀರೊಂದು ಬಿದ್ದ ದಿನ ಏಕೆ ಉರಿಯುತ್ತದೆ ಎಂದು ಕೇಳಿಕೊಂಡರೆ ಗುಟ್ಟು ರಟ್ಟಾಗುತ್ತದೆ.

ಮಳೆಗಾಲ ಮತ್ತು ನಿಯಮಗಳು

ತುಳುನಾಡಿನ ಮಳೆಯನ್ನು ಬಲ್ಲವರಿಗೆ ಬಟ್ಟೆಮಾಡಿನ ಗಾಡಿಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ಆಷಾಢದಿಂದ ಮುಂದೆ ಕ್ಯಾನ್ವಾಸಿಗೆ ಬೂಷ್ಟು ಹಿಡಿಯುತ್ತದೆ; ಹೊಲಿಗೆಯ ತೂತುಗಳಿಂದ ನೀರು ಜಿನುಗಿ ನೆಲದ ಚಾಪೆಯಡಿ ನಿಲ್ಲುತ್ತದೆ. ಮೇಲೆ ಕಾಣುವ ತುಕ್ಕಿನಿಂದ ಅಪಾಯ ಕಡಿಮೆ. ತಗಡಿನ ಮಾಡುಳ್ಳ ಗಾಡಿಯಲ್ಲಿ ಮೈಯ ಬಿಗಿತವನ್ನು ಮಾಡೂ ಹೊರುತ್ತದೆ. ತೆರೆದ ಗಾಡಿಯಲ್ಲಿ ಆ ಭಾರವೆಲ್ಲ ನೆಲಕ್ಕೂ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಸಿಲ್ಲು ಎಂಬ ಪೆಟ್ಟಿಗೆಯಂಥ ಪಟ್ಟಿಗೂ ಬೀಳುತ್ತದೆ. ಆದುದರಿಂದಲೇ ತಯಾರಕರು ಮಾರಿಸ್ ಮೈನರಿನ ತೆರೆದ ಬಗೆಗೆ ಅಡಿಯಲ್ಲಿ ಹೆಚ್ಚಿನ ಬಲವರ್ಧಕ ತಗಡುಗಳನ್ನು ಕೂಡಿಸಿದ್ದರು. ಸಿಲ್ಲು ಒಳಗಿನಿಂದ ಕೊಳೆತರೆ ಹೊರಗೆ ಏನೂ ಕಾಣದೆ ನಡು ಕುಸಿಯುತ್ತದೆ. ಒಂದು ದಿನ ಬಾಗಿಲು ಚೌಕಟ್ಟಿಗೆ ಕೂಡುವುದಿಲ್ಲ, ಆಗ ತಿಳಿಯುತ್ತದೆ. ವ್ರತದಲ್ಲಿಯೂ ಕೆಡುವುದು ಹೀಗೆಯೇ ಅಲ್ಲವೆ?

ಗಾಡಿ ಇದ್ದಷ್ಟು ಕಾಲ ಮನೆಯಲ್ಲಿ ಕೆಲವು ನಿಯಮಗಳಿದ್ದವು. ಜೀವಜಂತುಗಳು ಹೆಚ್ಚಾಗಿ ಹುಟ್ಟುವ ಕಾಲವೆಂದು ಮುನಿಗಳು ಒಂದೆಡೆ ನಿಲ್ಲುವ ಚಾತುರ್ಮಾಸದಲ್ಲಿ ಅದನ್ನು ಷೆಡ್ಡಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ದೀಪಕ್ಕೆ ಮುತ್ತುವ ಹುಳುಗಳು ಮುಂಗಾಜಿಗೆ ಬಡಿದು ಸಾಯುವುದರಿಂದ ಸೂರ್ಯಾಸ್ತದ ನಂತರ ಓಡಿಸುತ್ತಿರಲಿಲ್ಲ. ಅಷ್ಟಮಿ ಚತುರ್ದಶಿಗಳಂದು ಅದರ ಕೀಲಿಕೈ ಗೋಡೆಯ ಮೊಳೆಯಲ್ಲಿಯೇ ಇರುತ್ತಿತ್ತು. ಸಮಂತಭದ್ರರು ದಿನ, ಪಕ್ಷ, ಮಾಸಗಳ ಅವಧಿ ಹಾಕಿ ಬಿಡಬಹುದಾದ ಭೋಗೋಪಭೋಗಗಳನ್ನು ಹೇಳುವಾಗ ಭೋಜನದ ಜೊತೆಗೆ ವಾಹನವನ್ನೂ ಸೇರಿಸಿದ್ದಾರೆಂಬುದು ಇಲ್ಲಿ ಸ್ಮರಣೀಯ.

ಈ ನಿಯಮಗಳು ಗಾಡಿಯ ಚಕ್ರಗಳನ್ನು ನಿಲ್ಲಿಸಿದವು. ಮನಸ್ಸಿನ ಚಕ್ರವನ್ನು ನಿಲ್ಲಿಸಲು ಅಷ್ಟು ಸಾಲದು. ಚತುರ್ದಶಿಯ ಉಪವಾಸ ಹಿಡಿದವನು ಸ್ವಾಧ್ಯಾಯಕ್ಕೆ ಕುಳಿತಿರುತ್ತಾನೆ. ಹೊರಗೆ ಮಳೆ ಬಿರುಸಾಗುತ್ತದೆ. ಷೆಡ್ಡಿನ ಹಂಚು ಸರಿದು ಕ್ಯಾನ್ವಾಸಿನ ಮೇಲೆ ನೀರು ಬೀಳುತ್ತಿದೆಯೋ ಎಂದು ಕಿವಿ ಅತ್ತ ಹೋಗುತ್ತದೆ. ಹೊಟ್ಟೆಗೆ ಉಪವಾಸ, ಮನಸ್ಸಿಗೆ ಷೆಡ್ಡಿನಲ್ಲಿ ಪಾರಣೆ! ಆರಂಭವನ್ನೂ ಅಲಂಕಾರವನ್ನೂ ಉಪವಾಸದಂದು ಬಿಡಬೇಕೆಂದು ಹೇಳಿರುವುದರ ತಾತ್ಪರ್ಯ ಇಂಥ ಹೊತ್ತಿನಲ್ಲಿ ಸ್ಪಷ್ಟವಾಗುತ್ತದೆ. ಅನ್ನವನ್ನು ಬಿಡುವುದು ಉಪವಾಸದ ಹೊಸ್ತಿಲು ಮಾತ್ರ.

ಐದು ಅತಿಚಾರಗಳ ಕನ್ನಡಿ

ಪರಿಗ್ರಹಪರಿಮಾಣಕ್ಕೆ ಸಮಂತಭದ್ರರು ಹೇಳುವ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಎತ್ತು ಗಾಡಿಗಳ ಕಾಲದಲ್ಲಿ ಹೇಳಿದ ಮಾತು ಪೆಟ್ರೋಲಿನ ಗಾಡಿಗೂ ಅಕ್ಷರಶಃ ಹೊಂದುವುದನ್ನು ನೋಡಿದರೆ ಮನುಷ್ಯನ ಮನಸ್ಸು ಎಷ್ಟು ಕಡಿಮೆ ಬದಲಾಗಿದೆಯೆಂದು ಅಚ್ಚರಿಯಾಗುತ್ತದೆ.

ಅತಿವಾಹನವೆಂದರೆ ಲಾಭದ ಆಸೆಯಿಂದ ಎತ್ತು ಮೊದಲಾದವುಗಳನ್ನು ಅವು ಸುಖವಾಗಿ ನಡೆಯಬಹುದಾದ ದೂರಕ್ಕಿಂತ ಮುಂದಕ್ಕೆ ಹೊಡೆಯುವುದು. ಯಂತ್ರಕ್ಕೆ ನೋವಿಲ್ಲ, ನಿಜ. ಆದರೆ ಎಪ್ಪತ್ತು ವರ್ಷದ ಗಾಡಿಯನ್ನು ಮೆರವಣಿಗೆಯ ಹಮ್ಮಿಗಾಗಿ ಘಟ್ಟ ಹತ್ತಿಸುವವನು ತನ್ನ ಹಿಂದೆ ಕುಳಿತವರ ಪ್ರಾಣವನ್ನೂ, ಎದುರು ಬರುವವರ ಪ್ರಾಣವನ್ನೂ ಪಣಕ್ಕೆ ಇಡುತ್ತಾನೆ. ಪೆಟ್ರೋಲಿಗೆ ಎಥನಾಲ್ ಬೆರೆಸತೊಡಗಿದ ಮೇಲೆ ಹಳೆಯ ರಬ್ಬರು ಕೊಳವೆಗಳು ಬೇಗನೆ ಬಿರಿಯುತ್ತವೆ. ಬಿರಿದ ಕೊಳವೆಯ ಪಕ್ಕದಲ್ಲಿಯೇ ಕಾದ ಎಂಜಿನ್ನು ಇರುತ್ತದೆ. ಪ್ರಮಾದವೇ ಹಿಂಸೆಯ ಮೂಲವೆಂಬುದನ್ನು ಮರೆಯಬಾರದು.

ಅತಿಸಂಗ್ರಹವೆಂದರೆ ಮುಂದೆ ಹೆಚ್ಚು ಲಾಭ ಬಂದೀತೆಂದು ಧಾನ್ಯಾದಿಗಳನ್ನು ಕೂಡಿಹಾಕುವುದು. ಇನ್ನು ಹತ್ತು ವರ್ಷ ಇಟ್ಟರೆ ಬೆಲೆ ಏರೀತು ಎಂಬ ಮಾತನ್ನು ಹಳೆಯ ಗಾಡಿಯ ಒಡೆಯರೆಲ್ಲರೂ ಕೇಳಿರುತ್ತಾರೆ. ಬಿಡಿಭಾಗಗಳ ಸಂಗ್ರಹವೂ ಇದರ ಮರಿಯೇ. ಮಾರಿಸ್ ಮೈನರಿಗೆ ಇಂಗ್ಲೆಂಡಿನಲ್ಲಿ ಇಂದಿಗೂ ಹೊಸ ಬಿಡಿಭಾಗಗಳನ್ನು ತಯಾರಿಸಿ ಮಾರುವವರಿದ್ದಾರೆ. ಆದುದರಿಂದ ಒಂದು ಗಾಡಿಯ ಒಡೆಯನು ಎರಡನೆಯ ಗಾಡಿಗಾಗುವಷ್ಟು ಸಾಮಾನನ್ನು ಅಟ್ಟದ ಮೇಲೆ ಪೇರಿಸಿಕೊಂಡಿರುವುದು ಅಪರೂಪವಲ್ಲ. ಕಾಗದದ ಮೇಲೆ ವಾಹನ ಒಂದೇ!

ವಿಸ್ಮಯ, ಲೋಭಗಳೆರಡೂ ಮಾರುವ ಹೊತ್ತಿಗೆ ಸಂಬಂಧಿಸಿದವು. ತಕ್ಕ ಲಾಭಕ್ಕೆ ಮಾರಿದ ಮೇಲೂ ಇನ್ನಷ್ಟು ಬರಬೇಕಾಗಿತ್ತೆಂದು ಹಂಬಲಿಸುವುದು ಲೋಭ. ತಾನು ಕೊಟ್ಟ ವಸ್ತುವಿನಿಂದ ಬೇರೆಯವರು ಹೆಚ್ಚು ಗಳಿಸಿದರೆಂದು ಕೇಳಿ ಬೆರಗಾಗಿ ಮರುಗುವುದನ್ನು ವಿಸ್ಮಯವೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ವಸ್ತು ಕೈಬಿಟ್ಟ ಮೇಲೆಯೂ ಪರಿಗ್ರಹವ್ರತಕ್ಕೆ ದೋಷ ತಗಲಬಹುದೆಂದು ಹೇಳಿದ ಆಚಾರ್ಯರ ಸೂಕ್ಷ್ಮದೃಷ್ಟಿಯನ್ನು ಏನೆಂದು ಹೊಗಳೋಣ! ಇನ್ನು ಅತಿಭಾರವಹನವೆಂದರೆ ಲೋಭದಿಂದ ಮಿತಿಮೀರಿ ಹೊರೆ ಹೇರುವುದು. ಗಾಡಿಗೆ ಹೇರುವ ಹೊರೆ ಕಣ್ಣಿಗೆ ಕಾಣುತ್ತದೆ. ನಾವು ಮುದ್ದಿನಿಂದ ಇಟ್ಟುಕೊಂಡುದನ್ನು ಕಾಯುವ ಹೊರೆಯನ್ನು ಮಕ್ಕಳ ಹೆಗಲಿಗೆ ಹೇರಿ ಹೋಗುವುದನ್ನು ಅದರೊಡನೆ ಸೇರಿಸಿಕೊಂಡರೆ ತಪ್ಪಾಗದು.

ಮಾರಾಟ

೨೦೨೧ರ ದಶಲಕ್ಷಣದಲ್ಲಿ ನಾನು ಪರಿಮಾಣವನ್ನು ಇನ್ನಷ್ಟು ಕಿರಿದುಮಾಡಿ ವಾಹನ ಒಂದು ಎಂದು ಬರೆದುಕೊಟ್ಟೆನು. ನಿತ್ಯದ ಕೆಲಸಕ್ಕೆ ಸ್ಕೂಟರು ಇದ್ದೇ ಇತ್ತು. ಕಾರನ್ನು ಬೆಂಗಳೂರಿನಲ್ಲಿರುವ ಮಗನ ಹೆಸರಿಗೆ ಬರೆದು ಷೆಡ್ಡಿನಲ್ಲಿಯೇ ಇರಿಸಿಕೊಳ್ಳಬಹುದಲ್ಲ ಎಂಬ ಸಲಹೆ ನೆಂಟರಿಂದ ಬಂತು. ಊರಿಗೆ ಬಂದಿದ್ದ ತ್ಯಾಗಿಗಳೊಬ್ಬರ ಮುಂದೆ ಇದನ್ನು ನಿವೇದಿಸಿದಾಗ ಅವರು ಕೇಳಿದುದು ಇಷ್ಟೇ: “ಮಗನ ಹೆಸರಿನ ಗಾಡಿಗೆ ದಾರಿಯಲ್ಲಿ ಕಲ್ಲು ತಾಗಿದರೆ ಯಾರ ಎದೆ ಧಸಕ್ಕೆನ್ನುತ್ತದೆ, ಮಾಸ್ತರೇ?” ಉತ್ತರ ಹೇಳುವ ಅಗತ್ಯ ಉಳಿಯಲಿಲ್ಲ. ಕೃತ, ಕಾರಿತ, ಅನುಮೋದನೆಗಳೆಂದು ಮೂರನ್ನೂ ಹೇಳುವ ಧರ್ಮದಲ್ಲಿ ಹೆಸರು ಬದಲಾಯಿಸುವ ಉಪಾಯ ನಡೆಯದು.

ಮೊದಲು ಬಂದವನು ದಲ್ಲಾಳಿ. ಕೊಳೆತ ಸಿಲ್ಲಿಗೆ ಪುಟ್ಟಿ ತುಂಬಿ ಮೇಲೆ ಹಳೆಯ ಹಸಿರಿಗೆ ಹೊಂದುವ ಬಣ್ಣ ಹೊಡೆದರೆ ಯಾರಿಗೂ ತಿಳಿಯದು, ಬೆಲೆ ಒಳ್ಳೆಯದು ಬರುತ್ತದೆ ಎಂದನು. ಒಂದು ವಸ್ತುವನ್ನು ಇನ್ನೊಂದರ ರೂಪದಲ್ಲಿ ದಾಟಿಸುವುದು ಪ್ರತಿರೂಪಕವ್ಯವಹಾರ. ಅದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಕಬ್ಬಿಣವಿರಬೇಕಾದ ಸ್ಥಳದಲ್ಲಿ ಪುಟ್ಟಿ ಇದ್ದರೆ, ಹಾಲಿಗೆ ನೀರು ಬೆರೆಸಿದುದಕ್ಕಿಂತ ಅದು ಘೋರ. ನೀರುಹಾಲು ಕುಡಿದವನು ಬದುಕಿಯಾನು. ಮಾಡಿಲ್ಲದ ಗಾಡಿಯ ನಡು ಮುರಿದರೆ ಕುಳಿತವನ ಗತಿಯೇನು?

ಎರಡನೆಯವರು ಹಾಸನದ ಕಡೆಯ ತರುಣ ಇಂಜಿನಿಯರು. ಟಾರ್ಚು ಹಿಡಿದು, ಗೋಣಿ ಹಾಸಿ, ಗಾಡಿಯ ಅಡಿಯಲ್ಲಿ ಅರ್ಧ ಗಂಟೆ ಮಲಗಿ ನೋಡಿದರು. ಇಂಗ್ಲೆಂಡಿನಲ್ಲಿ ತಗಡು ಮಾಡಿನ ಮಾರಿಸ್ ಮೈನರನ್ನು ಕತ್ತರಿಸಿ ತೆರೆದ ಗಾಡಿಯೆಂದು ಮಾರುವುದೂ ಉಂಟಾದುದರಿಂದ, ಅಡಿಯ ಬಲವರ್ಧಕ ತಗಡುಗಳನ್ನೂ ಚಾಸಿ ಫಲಕದ ಸಂಖ್ಯೆಯನ್ನೂ ಪರೀಕ್ಷಿಸಿದರು. ಅವರು ಎದ್ದು ಕೈ ಒರಸಿಕೊಂಡ ಮೇಲೆ ನಾನು ಒಂದು ಕಾಗದವನ್ನು ಕೊಟ್ಟೆನು. ಎಡಗಡೆಯ ಸಿಲ್ಲು ಒಳಗೆ ಕೊಳೆತಿದೆ. ಮೂರನೆಯ ಗಿಯರು ಇಳಿಜಾರಿನಲ್ಲಿ ಕಳಚುತ್ತದೆ. ಕ್ಯಾನ್ವಾಸು ಮೂಲದ್ದಲ್ಲ, ೧೯೮೪ರಲ್ಲಿ ಮಂಗಳೂರಿನಲ್ಲಿ ಹೊಲಿಸಿದ್ದು. ಹೀಗೆ ಒಂಬತ್ತು ದೋಷಗಳ ಪಟ್ಟಿ. “ಮಾರುವವರು ಇಷ್ಟೆಲ್ಲ ಹೇಳುವುದಿಲ್ಲ, ಮಾಸ್ತರೇ” ಎಂದು ಅವರು ನಕ್ಕರು. ಬೆಲೆ ದಲ್ಲಾಳಿ ಹೇಳಿದುದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆಯಾಯಿತು. ಸತ್ಯಕ್ಕೆ ತೆರಬೇಕಾದ ಬೆಲೆ ಅಷ್ಟು ಅಗ್ಗವಾಗಿ ಮುಗಿದುದು ಪುಣ್ಯ.

ಅದಕ್ಕಿಂತ ಕಠಿಣವಾದುದು ಇನ್ನೊಂದಿತ್ತು. ಕ್ರಯಪತ್ರದಲ್ಲಿ ಮೂಲದ ಬಣ್ಣವನ್ನು ಕೆಡಿಸಕೂಡದು ಎಂದು ಒಂದು ಸಾಲು ಸೇರಿಸಬೇಕೆಂಬ ವಿಚಾರ ಮನೆಯಲ್ಲಿ ಎದ್ದಿತು. ಕೇಳಿದರೆ ಕೊಳ್ಳುವವರು ಒಪ್ಪುತ್ತಿದ್ದರೋ ಏನೋ. ಮಾವನವರ ಕಾಲದ ಬಣ್ಣ, ಪರಂಪರೆಯ ರಕ್ಷಣೆ, ಕಾರಣಗಳಿಗೆ ಕೊರತೆಯೇ? ನನ್ನ ಮನೆಯವರು ಅಕ್ಕಿ ಆರಿಸುತ್ತ ಕುಳಿತಿದ್ದವರು ತಲೆ ಎತ್ತದೆಯೇ ಕೇಳಿದರು: “ಕೊಟ್ಟ ಮೇಲೆ ಬಣ್ಣ ಅವರದೋ, ನಮ್ಮದೋ?” ಆ ಸಾಲನ್ನು ಬರೆಯಲಿಲ್ಲ. ಹಣವನ್ನು ಪಡೆದು, ಗಾಡಿಯನ್ನು ಕೊಟ್ಟು, ಅದರ ಮೇಲೆ ಒಂದು ಕಣ್ಣನ್ನು ಮಾತ್ರ ನಮ್ಮಲ್ಲಿಯೇ ಇಟ್ಟುಕೊಂಡರೆ ಕೊಟ್ಟುದಾದರೂ ಏನನ್ನು? ನಿರ್ಬಂಧವಿಟ್ಟು ಕೊಡುವುದು ಹಗ್ಗ ಹಿಡಿದುಕೊಂಡೇ ಹಸುವನ್ನು ದಾನ ಮಾಡಿದಂತೆ.

ರಾಜ್ಯದ ಕಟ್ಟಳೆಯನ್ನು ಮೀರುವುದೂ ಅಚೌರ್ಯಕ್ಕೆ ದೋಷವೇ. ಆದುದರಿಂದ ಹಕ್ಕು ವರ್ಗಾವಣೆಯ ೨೯ ಮತ್ತು ೩೦ನೆಯ ನಮೂನೆಗಳಿಗೆ ಸಹಿಹಾಕಿ, ಸಾರಿಗೆ ಕಚೇರಿಗೆ ತಲುಪಿಸಿ, ಹೆಸರು ಬದಲಾದ ಮೇಲೆಯೇ ಗಾಡಿ ಊರು ಬಿಟ್ಟಿತು. ಬಂದ ಹಣದ ವಿನಿಯೋಗವನ್ನು ಇಲ್ಲಿ ಬರೆಯುವುದಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳ ದಾರಿ ಎಲ್ಲರಿಗೂ ತೆರೆದಿದೆ. ದಾನಕ್ಕಾಗಿ ಮಾರಿದೆನೆಂದು ಹೇಳಿಕೊಂಡರೆ ಪರಿಗ್ರಹದ ಸ್ಥಾನದಲ್ಲಿ ಮಾನಕಷಾಯ ಬಂದು ಕುಳಿತುಕೊಳ್ಳುತ್ತದೆ.

ಮಾರಿದ ನಂತರ

ಎರಡು ವರ್ಷಗಳಾದ ಮೇಲೆ ಸುದ್ದಿ ಬಂತು. ಆ ತರುಣರು ಗಾಡಿಯನ್ನು ಪೂರ್ತಿ ಬಿಚ್ಚಿ, ಸಿಲ್ಲುಗಳನ್ನು ಹೊಸದಾಗಿ ಬೆಸೆಸಿ, ಕಡುಗೆಂಪು ಬಣ್ಣ ಹೊಡೆಸಿದ್ದರು. ಕುಂಕುಮದ ಕಲೆಯಿದ್ದ ಚರ್ಮ ಹೋಗಿ ಹೊಸ ಚರ್ಮ ಬಂದಿತ್ತು. ಆಮೇಲೆ ಮುಂಬಯಿಯವರೊಬ್ಬರಿಗೆ ನಾವು ಪಡೆದುದರ ಹಲವು ಪಾಲು ಬೆಲೆಗೆ ಅದನ್ನು ಕೊಟ್ಟರು. ಸುದ್ದಿ ತಂದ ಬಂಧುಗಳು ನನ್ನ ಮುಖವನ್ನೇ ನೋಡುತ್ತಿದ್ದರು. ವಿಸ್ಮಯ, ಲೋಭಗಳೆಂಬ ಎರಡು ಅತಿಚಾರಗಳು ಜೊತೆಯಾಗಿ ಬಾಗಿಲು ತಟ್ಟುವ ಹೊತ್ತು ಅದು. ಅವನ್ನು ಹೊರಗೇ ನಿಲ್ಲಿಸಲು ನನಗೆ ನೆರವಾದುದು ಒಂದೇ ವಿಚಾರ. ಹೊಸ ಬಣ್ಣದ ಖರ್ಚು ಅವರದು, ದುಡಿಮೆ ಅವರದು, ನಷ್ಟವಾಗಿದ್ದರೆ ಅದೂ ಅವರದೇ ಆಗುತ್ತಿತ್ತು. ನಮ್ಮ ಪಾಲಿನ ಋಣಾನುಬಂಧ ನಮೂನೆಗೆ ಸಹಿ ಬಿದ್ದ ದಿನ ತೀರಿತು. ಹಸಿರು ಒಂದು ಪರ್ಯಾಯ, ಕೆಂಪು ಇನ್ನೊಂದು ಪರ್ಯಾಯ. ಕಲೆ ಚರ್ಮದ ಮೇಲಿತ್ತು. ಅತ್ತೆಯವರ ವಾತ್ಸಲ್ಯ ಚರ್ಮದಲ್ಲಿ ಇರಲಿಲ್ಲ.

ಹಾಗಾದರೆ ಹಳೆಯ ವಸ್ತುಗಳನ್ನು ಯಾರೂ ಕಾಯಬಾರದೆ ಎಂದು ಕೆಲವರು ಕೇಳಬಹುದು. ಹಾಗಲ್ಲ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಶ್ರೀರಂಗಪಟ್ಟಣದ ಬಳಿ ೨೦೨೩ರಲ್ಲಿ ‘ಪಯಣ’ ಎಂಬ ಸಂಗ್ರಹಾಲಯವೂ ಆರಂಭವಾಯಿತು. ಅಲ್ಲಿ ಮಕ್ಕಳು ಬಂದು ನೋಡಿ ಯಂತ್ರಗಳ ಚರಿತ್ರೆಯನ್ನು ಕಲಿಯುತ್ತಾರೆ. ಎಲ್ಲರ ಕಣ್ಣಿಗೂ ತೆರೆದಿರುವ ಸಂಗ್ರಹಕ್ಕೂ ಬೀಗ ಹಾಕಿದ ಷೆಡ್ಡಿಗೂ ಇರುವ ಅಂತರ ಸ್ಪಷ್ಟವಾಗಿಯೇ ಇದೆ. ಮತ್ತೆ ಕೆಲವರು ಭರತೇಶ್ವರನ ಹೆಸರನ್ನು ಹೇಳುತ್ತಾರೆ. ಎಂಬತ್ತನಾಲ್ಕು ಲಕ್ಷ ರಥಗಳ ನಡುವೆ ಇದ್ದೂ ಅವನು ಅಂಟಿಕೊಳ್ಳಲಿಲ್ಲವಲ್ಲ, ನಮ್ಮ ಒಂದು ಕಾರಿನಿಂದ ಏನು ಎನ್ನುತ್ತಾರೆ. ಮೂಡುಬಿದಿರೆಯ ರತ್ನಾಕರವರ್ಣಿಯು ಭರತನನ್ನು ಭೋಗದ ನಡುವಿನ ಯೋಗಿಯಾಗಿ ಚಿತ್ರಿಸಿದುದು ನಿಜ. ಆದರೆ ಭರತನ ರಥವೊಂದಕ್ಕೆ ಗೀರು ಬಿದ್ದಾಗ ಅವನು ಊಟ ಬಿಟ್ಟು ಕುಳಿತನೆಂದು ಯಾರೂ ಬರೆದಿಲ್ಲ. ದೃಷ್ಟಾಂತವನ್ನು ತೆಗೆದುಕೊಳ್ಳುವವರು ಪೂರ್ತಿಯಾಗಿ ತೆಗೆದುಕೊಳ್ಳಲಿ.

ವ್ರತ ಹಿಡಿಯುವವರಿಗೆ

ಬರುವ ಭಾದ್ರಪದದಲ್ಲಿ ಪರಿಮಾಣ ಬರೆಯಲಿರುವ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಮೂರು. ಮನೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದ ವಸ್ತು ಯಾವುದೆಂದು ಒಬ್ಬರೇ ಕುಳಿತು ಕಂಡುಕೊಳ್ಳಿರಿ. ಅದು ಕಾರಾಗಬೇಕಿಲ್ಲ, ವೀಣೆಯಾಗಬಹುದು, ಮರದ ಪೆಟ್ಟಿಗೆಯಾಗಬಹುದು, ಗ್ರಂಥಗಳ ಕಪಾಟೇ ಆಗಬಹುದು. ಎರಡನೆಯದಾಗಿ, ಅದರ ಮುಂದೆ ಒಂದು ಅವಧಿಯನ್ನು ಬರೆಯಿರಿ: ಇಷ್ಟು ವರ್ಷ ಕಾಯುತ್ತೇನೆ, ಆಮೇಲೆ ತಕ್ಕವರಿಗೆ ಒಪ್ಪಿಸುತ್ತೇನೆ ಎಂದು. ಅವಧಿ ಗೊತ್ತಿರುವವನು ಅತಿಥಿಗೃಹದಲ್ಲಿ ತಂಗಿದವನಂತೆ ವಸ್ತುವನ್ನು ಚೊಕ್ಕಟವಾಗಿಯೂ ಇಟ್ಟುಕೊಳ್ಳುತ್ತಾನೆ, ಹೊರಡುವ ದಿನ ಗೋಡೆಯನ್ನು ತಬ್ಬಿಕೊಂಡು ಅಳುವುದೂ ಇಲ್ಲ. ಮೂರನೆಯದಾಗಿ, ಕೊಡುವ ದಿನ ದೋಷಗಳನ್ನು ಮುಚ್ಚಿಡದೆ, ಷರತ್ತುಗಳನ್ನು ಕಟ್ಟದೆ ಕೊಡಿರಿ. ಕೊಟ್ಟ ಮೇಲೆ ಅದರ ಬೆಲೆಯನ್ನು ವಿಚಾರಿಸಬೇಡಿರಿ. ವಸ್ತುವಿನ ವಿಷಯದಲ್ಲಿ ಇದೊಂದು ಉಪವಾಸ. ಅನ್ನದ ಉಪವಾಸಕ್ಕೆ ಮರುದಿನ ಪಾರಣೆಯುಂಟು; ಈ ಉಪವಾಸಕ್ಕೆ ಪಾರಣೆಯಿಲ್ಲ, ಬೇಕೆಂದೂ ಅನ್ನಿಸುವುದಿಲ್ಲ.

ಯಾನವು ನಮ್ಮನ್ನು ಹೊತ್ತೊಯ್ಯಲಿಕ್ಕೆ ಇರುವ ಸಾಧನ. ಅದನ್ನು ನಾವು ಮನಸ್ಸಿನಲ್ಲಿ ಹೊತ್ತು ತಿರುಗತೊಡಗಿದ ದಿನ ಪರಿಮಾಣ ಮೀರಿತೆಂದು ತಿಳಿಯಬೇಕು, ಕಾಗದದ ಮೇಲೆ ಸಂಖ್ಯೆ ಎಷ್ಟೇ ಇರಲಿ. ಈ ವಿವೇಕವು ಸರ್ವರಿಗೂ ಉಂಟಾಗಲಿ, ಹಿಡಿದ ವ್ರತಗಳು ನಿರತಿಚಾರವಾಗಿ ನಡೆಯಲಿ ಎಂದು ಹಾರೈಸುತ್ತೇನೆ.